ನಿದ್ರೆಯ ಮದ್ದು: ಸರ್ಪಗಂಧದಿಂದ ನಿದ್ರಾ ಪ್ರಯೋಗಾಲಯದವರೆಗೆ

ಕತ್ರಿಗುಪ್ಪೆಯ ನಮ್ಮ ಬಡಾವಣೆಯಲ್ಲಿ ನಿದ್ರೆ ಬಾರದವರಿಗೆ ಸಲಹೆಗಳ ಕೊರತೆಯಿಲ್ಲ. ಒಬ್ಬರು ಮಾತ್ರೆ ಎನ್ನುತ್ತಾರೆ, ಇನ್ನೊಬ್ಬರು ಅಶ್ವಗಂಧ, ಮತ್ತೊಬ್ಬರು ಯೋಗ. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳಾದರೂ ನಿದ್ರೆ ಕೆಟ್ಟು, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದು ದೀರ್ಘಕಾಲಿಕ ನಿದ್ರಾಹೀನತೆ. ಇಂಥವರು ಯಾವುದನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆಗೆ ಇತಿಹಾಸದಲ್ಲಿ ಕೆಲವು ಪಾಠಗಳಿವೆ.

ಮೊದಲನೆಯದು ಸರ್ಪಗಂಧದ್ದು. ನಿದ್ರೆಗೂ ಉನ್ಮಾದಕ್ಕೂ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಬೇರು ಇದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಪರಿಣಾಮಗಳನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞರು ಇದರಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ನರಗಳ ತುದಿಯಲ್ಲಿರುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದವುಗಳ ಸಂಗ್ರಹವನ್ನು ಇದು ಬರಿದು ಮಾಡುತ್ತದೆ. ಕೆಲವು ರೋಗಿಗಳಲ್ಲಿ ಖಿನ್ನತೆ ಕಾಣಿಸಿಕೊಂಡ ವರದಿಗಳೂ ಬಂದವು. ಬೇರಿನ ಗುಣ ನಿಜ. ಅದರ ಅಪಾಯವೂ ನಿಜ. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯವಲ್ಲ.

ಮಾತ್ರೆಗಳ ಕಥೆಯೂ ಹೀಗೆಯೇ. 1903ರಲ್ಲಿ ಬಂದ ಬಾರ್ಬಿಟಾಲ್ ಹಾಗೂ ಅದರ ಬಳಗದ ಔಷಧಿಗಳಲ್ಲಿ ನಿದ್ರೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ಕಡಿಮೆ. 1963ರಲ್ಲಿ ಬಂದ ಡಯಾಜೆಪಾಮ್ ಹೆಚ್ಚು ಸುರಕ್ಷಿತವಾಗಿತ್ತು. ಆದರೆ ದೀರ್ಘಕಾಲ ಸೇವಿಸಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ.

ನಿದ್ರೆಯನ್ನು ಅಳೆಯಲು ದಾರಿ ತೋರಿದ್ದು ವಿದ್ಯುತ್ತು. 1929ರಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದರು. ನೆತ್ತಿಯ ಮೇಲೆ ಸಿಗುವುದು ಮೈಕ್ರೋವೋಲ್ಟ್‌ಗಳ ಲೆಕ್ಕದ ಸಂಕೇತ ಮಾತ್ರ. ಇದೇ ತಂತ್ರದಿಂದ ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು ಧ್ಯಾನಾಭ್ಯಾಸಿಗಳ ಇಡೀ ರಾತ್ರಿಯ ನಿದ್ರೆಯನ್ನು ದಾಖಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಧ್ಯವಯಸ್ಸಿನ ಅಭ್ಯಾಸಿಗಳಲ್ಲಿ ಗಾಢನಿದ್ರೆ ಇತರರಿಗಿಂತ ಹೆಚ್ಚಿತ್ತು. ಆದರೆ ಅವರು ಆರೋಗ್ಯವಂತರು, ನಿದ್ರಾಹೀನರಲ್ಲ; ಧ್ಯಾನವನ್ನು ತಾವೇ ಆರಿಸಿಕೊಂಡವರು. ಆದ್ದರಿಂದ ಇದನ್ನು ಚಿಕಿತ್ಸೆಯ ಪುರಾವೆಯೆನ್ನಲಾಗದು.

ಚಿಕಿತ್ಸೆಗಳನ್ನು ನೇರವಾಗಿ ಹೋಲಿಸಿದ ಪ್ರಯೋಗವೂ ಬೆಂಗಳೂರಿನದೇ. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಸಂಸ್ಥೆಯ ಎನ್.ಕೆ. ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ ಅವರು ವೃದ್ಧಾಶ್ರಮವೊಂದರ 69 ಮಂದಿಯನ್ನು ಚೀಟಿ ಎತ್ತಿದಂತೆ ಯೋಗ, ಆಯುರ್ವೇದ, ಯಾವುದೂ ಇಲ್ಲ ಎಂದು ಮೂರು ಗುಂಪು ಮಾಡಿದರು. ಆರು ತಿಂಗಳ ನಂತರ ಯೋಗದ ಗುಂಪಿನಲ್ಲಿ ನಿದ್ರೆ ಹತ್ತಲು ಬೇಕಾದ ಸಮಯ ಸುಮಾರು 10 ನಿಮಿಷ ತಗ್ಗಿತ್ತು. ನಿದ್ರೆಯ ಅವಧಿ ಸುಮಾರು 60 ನಿಮಿಷ ಹೆಚ್ಚಿತ್ತು. ಉಳಿದೆರಡು ಗುಂಪುಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. 2005ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೂ ಮಿತಿಗಳಿವೆ: ಗುಂಪುಗಳು ಚಿಕ್ಕವು, ನಿದ್ರೆಯನ್ನು ಅಳೆದದ್ದು ಉಪಕರಣವಲ್ಲ, ಅವರವರ ಹೇಳಿಕೆ.

2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ದೀರ್ಘಕಾಲಿಕ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಸೂಚಿಸಿದ್ದು ಮಾತ್ರೆಯನ್ನಲ್ಲ. ಆಲೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದುಬಿಡುವುದು, ದಿನವೂ ಒಂದೇ ಹೊತ್ತಿಗೆ ಏಳುವುದು ಇದರ ಭಾಗ.

ಹಾಗೆಂದು ವರ್ಷಗಟ್ಟಲೆ ನುಂಗುತ್ತಿರುವ ಮಾತ್ರೆಯನ್ನು ಇದ್ದಕ್ಕಿದ್ದಂತೆ ಬಿಡಬಾರದು. ಹಾಗೆ ಬಿಟ್ಟರೆ ಸೆಳವು ಬರುವ ಅಪಾಯವೂ ಉಂಟು. ಪ್ರಮಾಣವನ್ನು ವೈದ್ಯರ ನಿಗಾದಲ್ಲಿ ನಿಧಾನವಾಗಿ ತಗ್ಗಿಸಬೇಕು. ಗೊರಕೆಯ ನಡುವೆ ಉಸಿರು ಕಟ್ಟುವುದು, ಖಿನ್ನತೆ, ಥೈರಾಯ್ಡ್ ತೊಂದರೆ ಇವೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕು.

ಮದ್ದು ಪೂರ್ವದ್ದೋ ಪಶ್ಚಿಮದ್ದೋ ಎಂಬುದು ಮುಖ್ಯವಲ್ಲ. ಯಾರ ಮೇಲೆ ಪರೀಕ್ಷಿಸಿದರು, ಯಾವುದರೊಂದಿಗೆ ಹೋಲಿಸಿದರು, ಹೇಗೆ ಅಳೆದರು? ತರಗತಿಯಲ್ಲಿ ಯಾವ ಪ್ರಯೋಗದ ಬಗೆಗೂ ನಾವು ಕೇಳುವ ಈ ಪ್ರಶ್ನೆಗಳನ್ನೇ ನಿದ್ರೆಯ ಮದ್ದಿಗೂ ಕೇಳಬೇಕು.