ಮಾರುತದ ಮೈಬಣ್ಣ

ಬಣ್ಣವೆಂದರೆ ಅಲಂಕಾರವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಬಾಗಿಲಿಗೆ ಬಳಿದ ಬಣ್ಣ, ಎತ್ತಿನ ಕೋಡಿಗೆ ಹಚ್ಚಿದ ಬಣ್ಣ, ಇವೆಲ್ಲ ಕಣ್ಣಿಗೆ ಹಿತವಾದರೆ ಸಾಕು. ಯುದ್ಧವಿಮಾನದ ಬಣ್ಣವಾದರೋ ಹಾಗಲ್ಲ. ಅದೊಂದು ಬಗೆಯ ಬರವಣಿಗೆ. ವಿಮಾನ ಯಾರದು, ಯಾವ ಕಾಲದ್ದು ಎಂಬುದನ್ನು ಓದಬಲ್ಲವನಿಗೆ ಅದು ಹೇಳುತ್ತದೆ. ಕನ್ನಡ ಪಾಠ ಹೇಳುವುದರಲ್ಲಿಯೇ ಕಾಲ ಕಳೆದ ನನಗೆ ಈ ಲಿಪಿಯ ಅಕ್ಷರಾಭ್ಯಾಸವಾದುದು ತಡವಾಗಿ; ಅದೂ ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆಂದು ಕಸಬೆ ಡಿಗ್ರಜದ ಹುಡುಗನೊಬ್ಬನು ಮರದಲ್ಲಿ ಹರಿಕೇನ್ ವಿಮಾನದ ಮಾದರಿಯನ್ನು ಕೆತ್ತಿ ತಂದನು. ‘ಬರ್ಮಾ ರಂಗ, 1944’ ಎಂದು ಕೆಳಗೆ ಚೀಟಿ ಬರೆದಿದ್ದನು. ಯಾವ ಬಣ್ಣ ಹಚ್ಚಲೆಂದು ಕೇಳಲು, ನಾನು ಹಿಂದುಮುಂದು ನೋಡದೆ, “ರೆಕ್ಕೆಯ ಮೇಲೆ ನಮ್ಮ ಕೇಸರಿ, ಬಿಳಿ, ಹಸಿರಿನ ಚಕ್ರವಿರಲಿ” ಎಂದೆನು. ಹುಡುಗನು ಎರಡು ರಾತ್ರಿ ಕುಳಿತು ಬಲು ಅಂದವಾಗಿ ಬರೆದನು. ಪ್ರದರ್ಶನದ ದಿನ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಕಡೆಗೆ ನನ್ನತ್ತ ತಿರುಗಿ, “ಮಾಸ್ತರ್ರ, ನಮ್ಮ ಅಪ್ಪಾ ಬರ್ಮಾಕ್ಕ ಹೋಗಿ ಬಂದಾವ. ಆಗ ಈ ಬಣ್ಣ ನಮ್ಮ ಕೈಯಾಗ ಎಲ್ಲಿತ್ತರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನ ಮುಖ ಬಾಡಿತು. ಕೆತ್ತನೆ ಅವನದು, ತಪ್ಪು ನನ್ನದು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಭಾರತೀಯ ವಾಯುದಳ ಸ್ಥಾಪನೆಯಾದುದು 1932ರ ಅಕ್ಟೋಬರ್ 8ರಂದು. ಅದರ ಮೊದಲ ತುಕಡಿ 1933ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ವಾಪಿಟಿ ವಿಮಾನಗಳೊಡನೆ ಆರಂಭವಾಯಿತು. ಅವುಗಳ ಮೇಲಿದ್ದ ಗುರುತು ಬ್ರಿಟಿಷರದೇ: ಹೊರಗೆ ನೀಲಿ, ನಡುವೆ ಬಿಳಿ, ಒಳಗೆ ಕೆಂಪು ಬೊಟ್ಟು. ಜಪಾನ್ ಯುದ್ಧಕ್ಕಿಳಿದ ಬಳಿಕ ಆ ಕೆಂಪು ಬೊಟ್ಟೇ ಅಪಾಯಕ್ಕೆ ಕಾರಣವಾಯಿತು. ಜಪಾನೀಯರ ವಿಮಾನಗಳ ಮೇಲೆ ಕೆಂಪು ಸೂರ್ಯಬಿಂಬವಿರುತ್ತಿತ್ತಷ್ಟೆ. ನೆಲದಿಂದ ತೋಪು ಹಾರಿಸುವವನಿಗೆ ದೂರದಲ್ಲಿ ಕೆಂಪು ಕಂಡೊಡನೆ, ಬಂದವನು ಶತ್ರುವೆಂಬ ಭ್ರಾಂತಿ ಹುಟ್ಟುವುದು ಸಹಜ. ಆದಕಾರಣ ಬರ್ಮಾದ ಕಡೆಯ ವಿಮಾನಗಳಲ್ಲಿ ಕೆಂಪನ್ನು ಅಳಿಸಿ, ಗಾಢ ನೀಲಿಯ ನಡುವೆ ಬಿಳಿಯನ್ನೋ ತಿಳಿನೀಲಿಯನ್ನೋ ಇಟ್ಟರು. 1944ರಲ್ಲಿ ನಮ್ಮ ತರುಣರು ಬರ್ಮಾ ಗಡಿಯ ಕಾಡುಗಳ ಮೇಲೆ ಹರಿಕೇನ್ ಹಾರಿಸಿದುದು ಈ ನೀಲಿ ಗುರುತಿನ ಕೆಳಗೆ. ವಾಯುದಳಕ್ಕೆ 1945ರಲ್ಲಿ ‘ರಾಯಲ್’ ಎಂಬ ಬಿರುದೂ ಬಂದಿತು.

ಸ್ವಾತಂತ್ರ್ಯ ಬಂದ ಮೇಲೆ ಆ ಗುರುತು ಹೋಗಿ, ಬಿಳಿಯ ಮೇಲೆ ನೀಲಿಯ ಅಶೋಕಚಕ್ರ ಬಂದಿತು. ಕಾಶ್ಮೀರದ ಮೊದಲ ಯುದ್ಧದ ಕಾಲದ ಸ್ಪಿಟ್‌ಫೈರ್, ಟೆಂಪೆಸ್ಟ್ ವಿಮಾನಗಳ ಚಿತ್ರಗಳಲ್ಲಿ ಈ ಚಕ್ರವನ್ನು ಕಾಣಬಹುದು. 1950ರ ಜನವರಿ 26ರಂದು ಗಣರಾಜ್ಯವಾದಾಗ ‘ರಾಯಲ್’ ಎಂಬ ಬಿರುದು ಕಳಚಿತು. ಅಂದಿನಿಂದ ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ ಇರುವ ಇಂದಿನ ಚಕ್ರವೇ ನಿಂತಿತು.

ಇಪ್ಪತ್ತು ವರ್ಷಗಳೊಳಗೆ ನಾಲ್ಕು ಗುರುತುಗಳು! ಗಡಿಯಲ್ಲಿ ಬಾಳುವ ನಮಗೆ ಇದು ಸೋಜಿಗವೆನಿಸಬಾರದು. ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿರುವ ಹೊಲಮನೆಗಳ ಕಾಗದಗಳನ್ನು ತೆಗೆದು ನೋಡಿರಿ. 1948ರ ವರೆಗೆ ಸಾಂಗಲಿ ಪಟವರ್ಧನ ಮನೆತನದ ಸಂಸ್ಥಾನ. ಇಂದು ಕರ್ನಾಟಕದಲ್ಲಿರುವ ತೇರದಾಳ, ಶಿರಹಟ್ಟಿಗಳೂ ಅದರ ಆಳಿಕೆಗೆ ಸೇರಿದ್ದುವು. ಆಮೇಲೆ ಮುಂಬಯಿ ಪ್ರಾಂತ. 1960ರ ಮೇ 1ರಿಂದ ಮಹಾರಾಷ್ಟ್ರ. ಹೊಲ ಅದೇ, ಕೃಷ್ಣೆಯ ದಂಡೆ ಅದೇ, ಮನೆಯ ಮಾತೂ ಅದೇ. ಕಾಗದದ ಮೇಲಿನ ಮೊಹರು ಮಾತ್ರ ಬೇರೆ. 1940ರ ಪತ್ರಕ್ಕೆ ಇಂದಿನ ಮೊಹರನ್ನು ಒತ್ತಿದರೆ ಅದನ್ನು ಯಾರೂ ದೇಶಾಭಿಮಾನವೆನ್ನರು, ಖೊಟ್ಟಿ ಪತ್ರವೆನ್ನುವರು. 1944ರ ಹರಿಕೇನ್ ಮೇಲೆ ತ್ರಿವರ್ಣ ಚಕ್ರ ಬರೆಯಿಸಿದಾಗ ನಾನು ಮಾಡಿದುದೂ ಅದನ್ನೇ.

ಕಳೆದ ವರ್ಷ ಆ ಹುಡುಗನ ತಮ್ಮನು ಇನ್ನೊಂದು ಮಾದರಿಯನ್ನು ಕೆತ್ತಿ ತಂದನು. ಈ ಸಲ ಅದು ಬೆಂಗಳೂರಿನಲ್ಲಿ ಹುಟ್ಟಿದ ಎಚ್‌.ಎಫ್‌.-24 ‘ಮಾರುತ’. ಈ ವಿಮಾನದ ಕತೆಗೆ ನಮ್ಮ ಸೀಮೆಯ ನಂಟೂ ಉಂಟು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದವರು ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದರು. ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅದೇ ಕಾರಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿಮಾನಶಿಲ್ಪಿಯ ಮಾರ್ಗದರ್ಶನದಲ್ಲಿ ಮಾರುತ ರೂಪುಗೊಂಡಿತು. ಮೊದಲು ಅದೇ ಅಳತೆಯ, ಯಂತ್ರವಿಲ್ಲದ ಮರದ ವಿಮಾನವೊಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿಕೊಂಡು ಹಾರಿಸಿ ಪರೀಕ್ಷಿಸಿದರು. ಮಾರುತವೂ ಮೊದಲು ಮರದ್ದೇ ಆಗಿತ್ತೆಂದು ಹೇಳಿದಾಗ ಹುಡುಗನ ಕಣ್ಣರಳಿತು. 1961ರ ಜೂನ್ 17ರಂದು ಸುರಂಜನ ದಾಸರು ನಿಜವಾದ ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು. 1970ರ ಜನವರಿಯಲ್ಲಿ ಅದೇ ಜಾತಿಯ ವಿಮಾನವನ್ನು ಪರೀಕ್ಷಿಸುತ್ತಿರುವಾಗ ಅವರು ಮಡಿದರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ.

ಇರಲಿ. ಬಣ್ಣದ ಮಾತು ಬಂದಾಗ ಮನೆಯಲ್ಲಿ ಮೂರು ಪಕ್ಷಗಳಾದುವು. ಬೆಳ್ಳಿಯಂತೆ ಹೊಳೆಯಬೇಕೆಂದು ತಮ್ಮನು. ಹಸಿರುಬೂದಿಯ ಮರೆಬಣ್ಣವೇ ಸರಿಯೆಂದು ಅಣ್ಣನು. ಮೈತುಂಬ ಕೇಸರಿ, ಬಿಳಿ, ಹಸಿರು ಇರಲೆಂದು ಅಜ್ಜನವರು. ನಾನು ಈ ಸಲ ಒಂದೇ ಪ್ರಶ್ನೆ ಕೇಳಿದೆನು: “ನಿನ್ನ ವಿಮಾನ ಯಾವ ವರ್ಷದ್ದು?”

ಏಕೆಂದರೆ ಮರೆಬಣ್ಣಕ್ಕೂ ಒಂದು ಚರಿತ್ರೆಯಿದೆ. 1965ರ ಸೆಪ್ಟೆಂಬರ್‌ವರೆಗೆ ನಮ್ಮ ನ್ಯಾಟ್ ಮೊದಲಾದ ಎಷ್ಟೋ ವಿಮಾನಗಳು ಲೋಹದ ಹೊಳಪಿನಲ್ಲಿಯೇ ಇರುತ್ತಿದ್ದುವು. ಬಿಸಿಲಿನಲ್ಲಿ ಮಿನುಗುವ ವಿಮಾನ ಮೇಲಿನಿಂದ ಎರಗುವವನಿಗೆ ಸುಲಭದ ಗುರಿ. ಆ ತಿಂಗಳ 6ರಂದು ಪಠಾಣಕೋಟೆಯ ನೆಲೆಯ ಮೇಲೆ ದಾಳಿಯಾಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಸುಟ್ಟುಹೋದುವು. ಆ ಯುದ್ಧದ ದಿನಗಳಲ್ಲಿಯೇ ಹಲವು ವಿಮಾನಗಳಿಗೆ ಅವಸರವಸರವಾಗಿ, ಕೈಗೆ ಸಿಕ್ಕ ಬಣ್ಣವನ್ನು ಬಳಿದು ಹೊಳಪನ್ನು ಅಡಗಿಸಿದರು. ಅಡಗುವುದಕ್ಕಾಗಿ ಮೈಗೆ ಬಣ್ಣ, ತೋರುವುದಕ್ಕಾಗಿ ರೆಕ್ಕೆಗೆ ಚಕ್ರ! ಶತ್ರುವಿಗೆ ಕಾಣಬಾರದು, ನಮ್ಮವರಿಗೆ ಮಾತ್ರ ಕಾಣಬೇಕು. ಈ ಎರಡು ವಿರುದ್ಧ ಧರ್ಮಗಳನ್ನು ಒಂದೇ ಮೈಯಲ್ಲಿ ನಡೆಸುವುದೇ ಯುದ್ಧವಿಮಾನದ ವರ್ಣರಹಸ್ಯ. ಮೈತುಂಬ ತ್ರಿವರ್ಣ ಬಳಿದರೆ ಮೆರವಣಿಗೆಗೆ ಸರಿ, ರಣಕ್ಕೆ ಸಲ್ಲದು ಎಂಬುದನ್ನು ಅಜ್ಜನವರೂ ಒಪ್ಪಿದರು.

ಹುಡುಗನು ಎರಡು ದಿನ ಯೋಚಿಸಿ, “1971ರ ಡಿಸೆಂಬರ್ ಗುರುಗಳೆ” ಎಂದನು. ಮಾರುತ 1967ರಲ್ಲಿ ವಾಯುದಳಕ್ಕೆ ಸೇರಿತು. ಅದು ಕಂಡ ಯುದ್ಧ ಅದೊಂದೇ. ರಾಜಸ್ಥಾನದ ರಂಗದಲ್ಲಿ ಅದು ಹೋರಾಡಿತು. ವರ್ಷ ಗೊತ್ತಾದೊಡನೆ ಬಣ್ಣವೂ ಗೊತ್ತಾಯಿತು: ಮೇಲೆ ಗಾಢ ಹಸಿರು ಮತ್ತು ಗಾಢ ಬೂದು, ಹೊಟ್ಟೆಗೆ ತಿಳಿಯಾದ ಬಣ್ಣ, ರೆಕ್ಕೆಯ ಮೇಲೆ ತ್ರಿವರ್ಣ ಚಕ್ರ.

ಮನೆಯಲ್ಲಿ ಈ ಕೆಲಸಕ್ಕೆ ತೊಡಗುವ ಮಕ್ಕಳಿಗಾಗಿ ನಾಲ್ಕು ಮಾತು. ಮರವನ್ನು ಉಜ್ಜುಕಾಗದದಿಂದ ನುಣುಪು ಮಾಡಿ ಮೊದಲು ಅಸ್ತರಿ ಬಣ್ಣ ಕೊಡಿರಿ. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಒಂದು ಆರಿದ ಹೊರತು ಇನ್ನೊಂದನ್ನು ಮುಟ್ಟಬೇಡಿರಿ. ಚಿಕ್ಕ ವಸ್ತುವಿನ ಮೇಲೆ ಯಾವ ಬಣ್ಣವೂ ಇದ್ದುದಕ್ಕಿಂತ ಕಪ್ಪಾಗಿ ಕಾಣುವುದರಿಂದ, ಅದಕ್ಕೆ ತುಸು ಬಿಳಿ ಬೆರಸಿರಿ. ಮರೆಬಣ್ಣ ಹೊಳೆಯಬಾರದು. ಚಕ್ರವನ್ನು ಕೈವಾರದಿಂದಲೇ ಬರೆಯಿರಿ; ಕೇಸರಿ ಹೊರಗೆ, ಹಸಿರು ಒಳಗೆ ಎಂಬುದನ್ನು ಮರೆಯಬೇಡಿರಿ. ಬೆಂಗಳೂರಿಗೆ ಹೋದರೆ ಅಲ್ಲಿಯ ಎಚ್‌.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ಕಣ್ಣಾರೆ ನೋಡಿ ಬನ್ನಿರಿ.

ಮಾರುತ ಸಿದ್ಧವಾದ ವಾರವೇ ಅಣ್ಣನು ತನ್ನ ಹಳೆಯ ಹರಿಕೇನನ್ನು ಹೊರತೆಗೆದನು. ತಾನೇ ಬರೆದ ತ್ರಿವರ್ಣವನ್ನು ಉಜ್ಜುಕಾಗದದಿಂದ ತೆಗೆಯುವಾಗ ಅವನ ಕೈ ಹಿಂಜರಿಯಿತು. ನಾನೂ ಹತ್ತಿರವೇ ಕುಳಿತಿದ್ದೆನು. ಅಲ್ಲಿ ಈಗ ನೀಲಿಯ ಗುರುತಿದೆ. ಚೀಟಿಯಲ್ಲಿ ಅವನೇ ಒಂದು ಸಾಲನ್ನು ಸೇರಿಸಿದ್ದಾನೆ: ‘ಗುರುತು ಪರರದು, ಹಾರಿಸಿದವರು ನಮ್ಮವರು.’ ಅಂದು ಪ್ರಶ್ನೆ ಕೇಳಿದ ಹಿರಿಯರು ಬಂದು ಅದನ್ನು ಓದಿ, “ಈಗ ಖರೇ ಆತು ನೋಡ್ರಿ” ಎಂದರು.

ಆ ಎರಡು ವಿಮಾನಗಳೂ ಇಂದು ನಮ್ಮ ಶಾಲೆಯ ಕಪಾಟಿನಲ್ಲಿ ಅಕ್ಕಪಕ್ಕ ನಿಂತಿವೆ. ನಮ್ಮ ಮನೆಗಳ ಮಕ್ಕಳು ಯಾವುದಕ್ಕೇ ಬಣ್ಣ ಹಚ್ಚುವ ಮುನ್ನ ಅದರ ವರ್ಷವನ್ನು ಕೇಳುವಂತಾಗಲಿ; ಕಲಿಸುವ ನಾವೂ ಉತ್ತರ ಹೇಳುವ ಮುನ್ನ ಒಂದು ಗಳಿಗೆ ತಡೆದು ಯೋಚಿಸುವಂತಾಗಲಿ.