ಕೆನೆತ್ ಆಂಡರ್ಸನ್ ಹಿಡಿದಿದ್ದ ಕೋವಿ

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ನಮ್ಮ ಮನೇಲಿ ಓದದೆ ಬಿಟ್ಟೋರಿಲ್ಲ. ಜಾಲಹಳ್ಳಿಯ ಕುರ್ಕ ಅಂದ್ರೆ ಸಾಕು, ಮಕ್ಕಳು ಕಿವಿ ನೆಟ್ಟಗೆ ಮಾಡ್ತವೆ. ಆ ಕತೆಗಳ ಶಿಕಾರಿ ಕೆನೆತ್ ಆಂಡರ್ಸನ್ (1910–1974) ಬೆಂಗಳೂರಲ್ಲೇ ಇದ್ದೋನು. ಹುಲಿ ಕತೆ ಎಲ್ರಿಗೂ ಗೊತ್ತು ಕಣ್ರವ್ವ, ಅವನ ಕೋವಿ ಬಗ್ಗೆ ಯಾರೂ ಕೇಳಾಕಿಲ್ಲ. ಹೆಂಗಸರಿಗ್ಯಾಕೆ ಕೋವಿ ಇಸ್ಯ ಅನ್ಬೇಡಿ, ಅದು ಸೌದೆಗೆ ಹೋದ ಹೆಂಗಸರ ಇಸ್ಯನೂ ಹೌದು.

ಅವನು ಹೆಚ್ಚಾಗಿ ಹಿಡೀತಿದ್ದದ್ದು ಅಮೆರಿಕದ .405 ವಿಂಚೆಸ್ಟರ್ ರೈಫಲ್ಲು. 405 ಅಂದ್ರೆ ಕ್ಯಾಲಿಬರ್, ನಳಿಗೆಯ ಅಗಲ. ಒಂದಿಂಚನ್ನ ಸಾವಿರ ಪಾಲು ಮಾಡಿದ್ರೆ ಅದರಲ್ಲಿ 405 ಪಾಲು. ಗುಂಡಿನ ತೂಕ 300 ಗ್ರೇನ್, ಅಂದ್ರೆ ಹತ್ತೊಂಬತ್ತು ಗ್ರಾಂ ಮೇಲೆ. ನಮ್ ಲೆಕ್ಕದಲ್ಲಿ ಒಂದೂವರೆ ತೊಲಕ್ಕೂ ಜಾಸ್ತಿ ಸೀಸ! ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ತಗೊಂಡೋಗಿದ್ದೂ ಇದನ್ನೇ.

ಆದ್ರೆ ಈ ಗುಂಡು ದಪ್ಪ, ಮೂತಿ ಮೊಂಡು. ಹತ್ತಿರದಲ್ಲಿ ಒನಕೆ ಪೆಟ್ಟು, ದೂರ ಹೋಗ್ತಾ ಹೋಗ್ತಾ ವೇಗ ಸತ್ತು ಕೆಳಕ್ಕೆ ಇಳೀತದೆ. ದೂರದ ಬೇಟೆಗೆ ಚೂಪು ಮೂತಿಯ, ತೆಳ್ಳನೆ ಗುಂಡೇ ಸರಿ. ಗಾಳೀನ ಸೀಳ್ಕೊಂಡು ನೇರ ಹೋಯ್ತದೆ. ಹಂಗಾದ್ರೆ ಆಂಡರ್ಸನ್‌ಗೆ ಇದ್ಯಾಕೆ ಬೇಕಿತ್ತು? ನನಗನ್ಸೋದು, ನಮ್ ಕಾಡು ನೋಡಿ ತಗೊಂಡಿದ್ದು. ಮುತ್ತತ್ತಿ ಕಡೆ ಹೋಗಿರೋರಿಗೆ ಗೊತ್ತು, ಬಿದಿರು, ಲಂಟಾನ ಪೊದೆ, ಹತ್ತು ಮಾರು ಆಚೆಗೆ ಏನೂ ಕಾಣಾಕಿಲ್ಲ. ಅವನು ಮಚಾನಿನ ಮೇಲೆ ಕೂತು ಹೊಡೀತಿದ್ದ, ಇಲ್ಲಾ ಎದುರಿಗೇ ಸಿಕ್ಕಾಗ. ಅಲ್ಲಿ ಬೇಕಾದ್ದು ಒಂದೇ ಪೆಟ್ಟಿಗೆ ಕೆಡವೋ ತೂಕ. ಟ್ರಿಗರ್ ಕೆಳಗಿನ ಲಿವರ್ ಎಳೆದು ಬಿಟ್ರೆ ಮುಂದಿನ ತೋಟಾನೂ ರೆಡಿ.

ಕೆಡವದೆ ಗಾಯ ಮಾಡಿ ಬಿಟ್ರೆ ಏನಾಯ್ತದೆ ಅನ್ನೋದಕ್ಕೆ ಕುಮಾವೂನ್ ಬೆಟ್ಟದ ಚಂಪಾವತ್ ಹೆಣ್ಣುಹುಲಿ ಸಾಕ್ಷಿ. ನೇಪಾಳದಲ್ಲೂ ಕುಮಾವೂನ್‌ನಲ್ಲೂ ಸೇರಿ 436 ಜನರನ್ನ ಕೊಂದಿತ್ತು ಅಂತ ಲೆಕ್ಕ. ಹುಲ್ಲು, ಸೊಪ್ಪು, ಪುರಳೆ ತರಕ್ಕೆ ಹೋದ ಹೆಣ್ಣುಮಕ್ಕಳೂ ಅದರ ಬಾಯಿಗೆ ಬಿದ್ರು. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನ ಹೊಡೆದು ಬಾಯಿ ಬಿಡಿಸಿ ನೋಡಿದ್ರೆ, ಬಲಗಡೆಯ ಕೋರೆಹಲ್ಲು ಮೇಲಿನದೂ ಕೆಳಗಿನದೂ ಮುರಿದಿದ್ವು. ಯಾವನೋ ಹಿಂದೆ ಹೊಡೆದ ಗುಂಡು! ಜಿಂಕೆ ಹಿಡಿಯೋಕಾಗದೆ ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೆದವ್ರೆ.

ಅದಕ್ಕೆ ಬಹುಮಾನವಾಗಿ ಕಾರ್ಬೆಟ್‌ಗೆ ಕೊಟ್ಟದ್ದು .275 ರಿಗ್ಬಿ ರೈಫಲ್. ಅದರ ಗುಂಡು ಮುಕ್ಕಾಲು ತೊಲದ ಆಸುಪಾಸು. ಬೆಟ್ಟ ಹತ್ತಿ ಇಳಿಯೋನಿಗೆ ಹಗೂರ, ಈ ಕಣಿವೆಯಿಂದ ಆ ಕಣಿವೆಗೂ ಗುರಿ ತಪ್ಪಾಕಿಲ್ಲ. 1926ರಲ್ಲಿ ರುದ್ರಪ್ರಯಾಗದ ಚಿರತೆ ಸತ್ತಿದ್ದು ಅದ್ರಲ್ಲೇ. ನೋಡಿ, ಅಲ್ಲೂ ಮಾವಿನ ಮರದ ಮೇಲಿಂದ, ರಾತ್ರಿ ಹೊತ್ತು, ಹತ್ತಿರದಿಂದ್ಲೇ ಹೊಡೆದದ್ದು. ಗುರಿ ಗೊತ್ತಿದ್ದೋನ ಕೈಲಿ ಸಣ್ಣ ಗುಂಡೂ ಸಾಕಾಯ್ತು.

1972ರ ಕಾಯ್ದೆ ಬಂದ್ಮೇಲೆ ಶಿಕಾರಿ ನಿಂತೋಯ್ತು. ಚಿರತೆ ನಿಂತಿಲ್ಲ ಬುಡಿ. ಮದ್ದೂರು, ಮಳವಳ್ಳಿ ಕಡೆ ಕಬ್ಬಿನ ಗದ್ದೇಲೇ ಮರಿ ಹಾಕ್ತವೆ. ಈಗ ಕೋವಿಯಿಂದ ಹೊಡೆಯೋದು ಅರವಳಿಕೆ ಸೂಜಿ. ಅದಕ್ಕೂ ದೂರ ನೋಡಿ ಒತ್ತಡ ಇಡಬೇಕು. ಜಾಸ್ತಿಯಾದ್ರೆ ಸೂಜಿನೇ ಗಾಯ ಮಾಡ್ತದೆ, ಕಮ್ಮಿಯಾದ್ರೆ ಮುಟ್ಟಾಕಿಲ್ಲ. ಬೆಳೆದ ಕಬ್ಬಿನೊಳಗೆ ಎರಡು ಮಾರೂ ಕಾಣದಲ್ಲ, ಅದಕ್ಕೇ ಅರಣ್ಯ ಇಲಾಖೆಯೋರು ಮೊದಲು ಬೋನು ತಂದಿಡೋದು.