ಪಿಸ್ತೂಲಿನ ‘ತಡೆಶಕ್ತಿ’: ಒಂದೇ ಗುಂಡಿಗೆ ಮನುಷ್ಯ ಬೀಳುವನೇ?

ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1912ರ ಅಕ್ಟೋಬರ್ 14ರಂದು ಮಿಲ್ವಾಕೀ ನಗರದಲ್ಲಿ ಚುನಾವಣಾ ಭಾಷಣಕ್ಕೆ ಹೊರಟಿದ್ದಾಗ, ಅತಿ ಸಮೀಪದಿಂದ ಹಾರಿಸಿದ .38 ರಿವಾಲ್ವರಿನ ಗುಂಡು ಅವರ ಎದೆಗೆ ತಗಲಿತು. ಜೇಬಿನಲ್ಲಿದ್ದ ಕನ್ನಡಕದ ಉಕ್ಕಿನ ಡಬ್ಬಿಯನ್ನೂ, ಮಡಿಸಿಟ್ಟಿದ್ದ ಐವತ್ತು ಪುಟಗಳ ಭಾಷಣವನ್ನೂ ಭೇದಿಸಿದ ಆ ಗುಂಡು ಎದೆಯಲ್ಲಿಯೇ ಉಳಿಯಿತು. ರೂಸ್‌ವೆಲ್ಟ್ ಮೊದಲು ಆಸ್ಪತ್ರೆಗೆ ಹೋಗಲಿಲ್ಲ. ರಕ್ತಸಿಕ್ತ ಅಂಗಿಯಲ್ಲಿಯೇ ವೇದಿಕೆಯೇರಿ ಸುಮಾರು ಒಂದೂವರೆ ಗಂಟೆ ಮಾತನಾಡಿದರು. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರಿಗೆ ತಗಲಿದ್ದು .22ರ ಪುಟ್ಟ ಗುಂಡು. ಕಾರಿಗೆ ಬಡಿದು ಚಿಮ್ಮಿ ಅವರ ದೇಹವನ್ನು ಹೊಕ್ಕ ಅದು ಹೃದಯದಿಂದ ಕೇವಲ ಒಂದು ಅಂಗುಲದಷ್ಟು ದೂರದಲ್ಲಿ ನಿಂತಿತ್ತು. ತಮಗೆ ಗುಂಡು ತಗಲಿದೆ ಎಂಬುದೇ ಅವರಿಗೆ ಕೂಡಲೇ ತಿಳಿಯಲಿಲ್ಲ. ಆಸ್ಪತ್ರೆಯ ಒಳಗೆ ಅವರು ನಡೆದೇ ಹೋದರು.

ಇಂಗ್ಲಿಷಿನಲ್ಲಿ ‘ಸ್ಟಾಪಿಂಗ್ ಪವರ್’ ಎನಿಸಿಕೊಳ್ಳುವ, ಕನ್ನಡದಲ್ಲಿ ತಡೆಶಕ್ತಿ ಎನ್ನಬಹುದಾದ ಕಲ್ಪನೆಗೆ ಈ ಎರಡೂ ಘಟನೆಗಳು ಒಗ್ಗುವುದಿಲ್ಲ. ಎದುರಾಳಿಯನ್ನು ಆ ಕ್ಷಣದಲ್ಲಿಯೇ ನಿಷ್ಕ್ರಿಯಗೊಳಿಸುವ ಸಾಮರ್ಥ್ಯ ಗುಂಡಿನಲ್ಲಿಯೇ ಅಡಗಿದೆ, ಗುಂಡು ದಪ್ಪವಾದಷ್ಟೂ ಅದು ಹೆಚ್ಚುತ್ತದೆ ಎಂಬುದು ಈ ಕಲ್ಪನೆಯ ತಿರುಳು. ಶತಮಾನಕ್ಕೂ ಮಿಕ್ಕಿ ಸೈನ್ಯಗಳು, ಪೊಲೀಸ್ ಇಲಾಖೆಗಳು ಹಾಗೂ ಆಯುಧ ತಯಾರಕರು ಇದರ ಬೆನ್ನು ಹತ್ತಿದ್ದಾರೆ. ಸಿನಿಮಾದವರಂತೂ ಇದನ್ನು ಅಕ್ಷರಶಃ ನಂಬಿಸಿಬಿಟ್ಟಿದ್ದಾರೆ. ನಾಯಕನ ಪಿಸ್ತೂಲು ಸಿಡಿದೊಡನೆ ಖಳನು ನಾಲ್ಕಡಿ ಹಿಂದಕ್ಕೆ ಹಾರಿ ಗಾಜಿನ ಕಿಟಕಿಯನ್ನು ಒಡೆದುಕೊಂಡು ಬೀಳುತ್ತಾನೆ.

ನ್ಯೂಟನ್ ಒಪ್ಪುವುದಿಲ್ಲ

ಭೌತಶಾಸ್ತ್ರದ ಪ್ರಕಾರ ಇದು ಅಸಾಧ್ಯ. .45 ಪಿಸ್ತೂಲಿನ ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ಅದರ ಸಂವೇಗವಿಡೀ 70 ಕಿಲೋ ತೂಕದ ದೇಹಕ್ಕೆ ವರ್ಗಾವಣೆಯಾದರೂ ಆ ದೇಹಕ್ಕೆ ದಕ್ಕುವ ವೇಗ ಸೆಕೆಂಡಿಗೆ ಐದೂವರೆ ಸೆಂಟಿಮೀಟರ್ ಮಾತ್ರ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಸಂವೇಗ ಇದಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ವೇಗದ ಬೌಲರನ ಚೆಂಡು ಪಕ್ಕೆಗೆ ಬಡಿದಾಗ ಬ್ಯಾಟ್ಸ್‌ಮನ್ ನೋವಿನಿಂದ ಬಾಗುತ್ತಾನೆಯೇ ಹೊರತು ವಿಕೆಟ್ ಕೀಪರನ ಮಡಿಲಿಗೆ ಹಾರಿ ಬೀಳುವುದಿಲ್ಲ. ಮೇಲಾಗಿ ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರಲೇಬೇಕು. ಗುಂಡಿಗೆ ಎದುರಾಳಿಯನ್ನು ಎತ್ತಿ ಒಗೆಯುವ ಶಕ್ತಿಯಿದ್ದರೆ ಹಾರಿಸಿದವನೂ ಹಿಂದಕ್ಕೆ ಹಾರಬೇಕಾಗಿತ್ತು. ಚೆಂಡಿಗಿಲ್ಲದೆ ಗುಂಡಿಗೆ ಇರುವುದು ಚಿಕ್ಕ ಜಾಗದಲ್ಲಿ ಒಳಹೊಕ್ಕು ಅಂಗಾಂಶವನ್ನು ಹರಿಯುವ ಗುಣ. ಅದು ತಳ್ಳುವುದಿಲ್ಲ, ತೂತು ಮಾಡುತ್ತದೆ.

ಈ ನಂಬಿಕೆಯ ಮೂಲ ಫಿಲಿಪ್ಪೀನ್ಸಿನಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಮೋರೋ ಯೋಧರು .38 ರಿವಾಲ್ವರಿನ ಹಲವು ಗುಂಡುಗಳು ತಗಲಿದ ಮೇಲೂ ಮುನ್ನುಗ್ಗಿ ಬಂದು ಕತ್ತಿಯಿಂದ ಕಡಿಯುತ್ತಿದ್ದರೆಂದು ಅಮೆರಿಕನ್ ಸೈನಿಕರು ದೂರಿದರು. 1904ರಲ್ಲಿ ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್ ಹಾಗೂ ಸೇನಾ ವೈದ್ಯ ಲೂಯಿಸ್ ಲಗಾರ್ಡ್ ಅವರ ಮಂಡಳಿಯು ಶಿಕಾಗೋದ ಕಸಾಯಿಖಾನೆಯ ಜೀವಂತ ದನಗಳ ಮೇಲೂ ಮಾನವ ಶವಗಳ ಮೇಲೂ ಗುಂಡು ಹಾರಿಸಿ ಪರೀಕ್ಷಿಸಿತು. ಸೈನ್ಯದ ಪಿಸ್ತೂಲು .45ಕ್ಕಿಂತ ಕಡಿಮೆ ಕ್ಯಾಲಿಬರಿನದಾಗಿರಬಾರದು ಎಂಬುದು ಅದರ ಶಿಫಾರಸು. 1911ರಲ್ಲಿ ಸೈನ್ಯವನ್ನು ಸೇರಿದ ಪ್ರಸಿದ್ಧ ಕೋಲ್ಟ್ ಪಿಸ್ತೂಲಿನ ಹಿನ್ನೆಲೆ ಇದೇ.

ಶಿಫಾರಸಿನ ಈ ಒಂದು ವಾಕ್ಯ ಪ್ರಪಂಚಕ್ಕೆಲ್ಲ ತಿಳಿಯಿತು. ಅದೇ ವರದಿಯ ಇನ್ನೊಂದು ಮಾತು ಮರೆತುಹೋಯಿತು. ದೇಹದ ಬಹುಭಾಗದಲ್ಲಿ ಗುಂಡು ತಗಲಿದರೆ ಎದುರಾಳಿ ತಕ್ಷಣ ನಿಲ್ಲುವ ಭರವಸೆ ಇಲ್ಲ, ಆದುದರಿಂದ ಸೈನಿಕರಿಗೆ ಗುರಿಯ ನಿಖರತೆಯ ಅಭ್ಯಾಸವನ್ನು ಎಡೆಬಿಡದೆ ಕೊಡಬೇಕು ಎಂದೂ ಮಂಡಳಿ ಹೇಳಿತ್ತು.

ದೇಹ ನಿಲ್ಲುವುದು ಹೇಗೆ?

ಗಾಯದ ವಿಜ್ಞಾನವು ಇದಕ್ಕೆ ನೀಡುವ ಉತ್ತರ ಸರಳ. ಮೆದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದರೆ ಮಾತ್ರ ದೇಹ ಒಡನೆಯೇ ಕುಸಿಯುತ್ತದೆ. ಉಳಿದ ಸಂದರ್ಭಗಳಲ್ಲಿ ಸಾಕಷ್ಟು ರಕ್ತ ಹೋಗಿ ಮೆದುಳಿಗೆ ಆಮ್ಲಜನಕ ನಿಲ್ಲಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಹೃದಯವೇ ಛಿದ್ರವಾದರೂ 10ರಿಂದ 15 ಸೆಕೆಂಡುಗಳ ಕಾಲ ಬುದ್ಧಿಪೂರ್ವಕವಾಗಿ ವರ್ತಿಸಲು ಬೇಕಾದಷ್ಟು ಆಮ್ಲಜನಕ ಮೆದುಳಿನಲ್ಲಿ ಉಳಿದಿರುತ್ತದೆ. ಇನ್ನು ಮೂರನೆಯದು ಮನಸ್ಸು. ಗುಂಡು ತಗಲಿದೆ ಎಂದು ತಿಳಿದ ಕೂಡಲೇ ಸಣ್ಣ ಗಾಯಕ್ಕೂ ನೆಲಕ್ಕೆ ಬೀಳುವವರಿದ್ದಾರೆ. ಮಾರಣಾಂತಿಕ ಗಾಯವಾದರೂ ಲೆಕ್ಕಿಸದೆ ಹೋರಾಡುವವರೂ ಇದ್ದಾರೆ. ಯಾವ ಕಾರ್ಖಾನೆಯೂ ಇದನ್ನು ಕಾಡತೂಸಿನಲ್ಲಿ ತುಂಬಿ ಕೊಡಲಾರದು.

ಗುಂಡು ಹಾದುಹೋಗುವಾಗ ಸುತ್ತಲಿನ ಅಂಗಾಂಶ ಕ್ಷಣಕಾಲ ಬಲೂನಿನಂತೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಈ ‘ತಾತ್ಕಾಲಿಕ ಕುಹರ’ವೇ ಎದುರಾಳಿಯನ್ನು ಕೆಡಹುತ್ತದೆ ಎಂದು ಹಲವರು ವಾದಿಸಿದ್ದುಂಟು. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಜೆಲಾಟಿನ್ ಅಚ್ಚುಗಳಲ್ಲಿ ನಡೆಸಿದ ಪ್ರಯೋಗಗಳು ಆ ವಾದವನ್ನು ಬಹುಮಟ್ಟಿಗೆ ಅಲ್ಲಗಳೆದವು. ಸ್ನಾಯು, ಚರ್ಮ, ಶ್ವಾಸಕೋಶ ಇವೆಲ್ಲ ಸ್ಥಿತಿಸ್ಥಾಪಕ ಗುಣವುಳ್ಳವು. ಪಿಸ್ತೂಲಿನ ವೇಗಕ್ಕೆ ಅವು ಹಿಗ್ಗಿ ಮತ್ತೆ ಯಥಾಸ್ಥಿತಿಗೆ ಬರುತ್ತವೆ. ಯಕೃತ್ತಿನಂತಹ ಮೆದು ಅಂಗಗಳ ಮಾತು ಬೇರೆ. ರೈಫಲಿನ ಮಾತೂ ಬೇರೆ, ಅದರ ವೇಗ ಪಿಸ್ತೂಲಿನ ಎರಡು ಮೂರು ಪಟ್ಟು.

ಈ ವಿಷಯದಲ್ಲಿ ಪೊಲೀಸ್ ಇಲಾಖೆಗಳ ಕಣ್ಣು ತೆರೆಸಿದ್ದು 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ನಡೆದ ಘರ್ಷಣೆ. ಮೈಕೆಲ್ ಪ್ಲಾಟ್, ವಿಲಿಯಂ ಮ್ಯಾಟಿಕ್ಸ್ ಎಂಬ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಎಫ್‌ಬಿಐನ ಎಂಟು ಮಂದಿ ಸುತ್ತುವರಿದರು. ಆರಂಭದಲ್ಲಿಯೇ 9 ಮಿ.ಮೀ. ಗುಂಡೊಂದು ಪ್ಲಾಟನ ತೋಳನ್ನು ತೂರಿ ಶ್ವಾಸಕೋಶವನ್ನು ಹರಿದು ಹೃದಯಕ್ಕೆ ಒಂದು ಅಂಗುಲ ಇರುವಂತೆಯೇ ನಿಂತಿತು. ಬದುಕಲಾರದ ಗಾಯವದು. ಆದರೂ ಆತ ನಿಮಿಷಗಳ ಕಾಲ ರೈಫಲ್ ಹಾರಿಸುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಹತರಾದರು, ಐವರು ಗಾಯಗೊಂಡರು. ಪ್ಲಾಟನ ಮೈಗೆ ಒಟ್ಟು ಹನ್ನೆರಡು ಗುಂಡುಗಳು ತಗಲಿದ್ದವು. ಮಾದಕವಸ್ತು ಸೇವಿಸಿದ್ದರಿಂದ ಹೀಗಾಯಿತೆಂದು ಊಹಿಸುವವರಿಗೆ ಶವಪರೀಕ್ಷೆಯೇ ಉತ್ತರ: ಇಬ್ಬರ ರಕ್ತದಲ್ಲಿಯೂ ಅಂಥದ್ದೇನೂ ಇರಲಿಲ್ಲ.

ಈ ದುರಂತದ ಫಲವಾಗಿ ಎಫ್‌ಬಿಐ 1989ರಲ್ಲಿ ಗಾಯದ ಕಾರಣಗಳ ಕುರಿತು ವರದಿಯೊಂದನ್ನು ಪ್ರಕಟಿಸಿತು. ಜೆಲಾಟಿನ್‌ನಲ್ಲಿ ಗುಂಡು ಕನಿಷ್ಠ 12 ಅಂಗುಲ ಒಳಹೊಕ್ಕಲೇಬೇಕೆಂಬ ಮಾನದಂಡವು ಅಲ್ಲಿಂದೀಚೆಗೆ ಪೊಲೀಸ್ ಮದ್ದುಗುಂಡುಗಳ ಅಳತೆಗೋಲಾಯಿತು. ಸಂಸ್ಥೆ ಮೊದಲು 10 ಮಿ.ಮೀ., ಬಳಿಕ .40 ಕ್ಯಾಲಿಬರಿಗೆ ಬದಲಾಯಿಸಿಕೊಂಡಿತು. ಸ್ವಾರಸ್ಯವೆಂದರೆ, 2010ರ ದಶಕದಲ್ಲಿ ಅದು ತಾನು ಬಿಟ್ಟುಬಂದಿದ್ದ 9 ಮಿ.ಮೀ.ಗೇ ಮರಳಿತು. ತುದಿಯಲ್ಲಿ ಟೊಳ್ಳಿರುವ, ದೇಹದೊಳಗೆ ಅಣಬೆಯಂತೆ ಅರಳುವ ಹೊಸ ಗುಂಡುಗಳ ರಚನೆ ಸುಧಾರಿಸಿದ್ದರಿಂದ ಕ್ಯಾಲಿಬರುಗಳ ನಡುವಣ ಅಂತರ ತಗ್ಗಿತ್ತು. ಹಿಂದೊದೆತ ಕಡಿಮೆಯಾದಷ್ಟೂ ಗುರಿ ನಿಖರವಾಗುತ್ತಿತ್ತು. ಗುರಿಯ ಪ್ರಶ್ನೆ ಕ್ಷುಲ್ಲಕವಲ್ಲ. 1998ರಿಂದ 2006ರವರೆಗಿನ ನ್ಯೂಯಾರ್ಕ್ ಪೊಲೀಸರ ಗುಂಡಿನ ಚಕಮಕಿಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ ವರದಿಯಂತೆ ಹಾರಿಸಿದ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದವು 18 ಮಾತ್ರ.

ಅಂದಹಾಗೆ, ಅರಳುವ ಗುಂಡಿಗೆ ಲೋಕವಿಖ್ಯಾತ ಹೆಸರು ಕೊಟ್ಟದ್ದು ಕೋಲ್ಕತಾದ ಬಳಿಯ ದಂದಂ. ಅಲ್ಲಿನ ಮದ್ದುಗುಂಡು ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಬ್ರಿಟಿಷರು ರೂಪಿಸಿದ ರೈಫಲ್ ಗುಂಡೇ ‘ದಂದಂ’. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಅಂಥ ಗುಂಡುಗಳನ್ನು ನಿಷೇಧಿಸಿತು. ಇದು ಒಳಗೆ ‘ಸ್ಫೋಟಿಸುತ್ತದೆ’ ಎಂಬುದೂ ಮಿಥ್ಯೆಯೇ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿದ್ದು ಅಂಕಿಅಂಶಗಳು. ಇವಾನ್ ಮಾರ್ಷಲ್ ಮತ್ತು ಎಡ್ವಿನ್ ಸನೋ 1992ರಲ್ಲಿ ಪ್ರಕಟಿಸಿದ ಪುಸ್ತಕವು ಪ್ರತಿಯೊಂದು ಕಾಡತೂಸಿಗೂ ‘ಒಂದೇ ಗುಂಡಿಗೆ ತಡೆ’ಯ ಶೇಕಡಾವಾರು ಅಂಕ ನೀಡಿತು. ಆದರೆ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದೇ ಗುಂಡು ತಗಲಿದ ಪ್ರಕರಣಗಳನ್ನು ಮಾತ್ರ. ಮೊದಲ ಗುಂಡು ವಿಫಲವಾಗಿ ಎರಡನೆಯದೂ ತಗಲಿದ ಪ್ರಕರಣಗಳು, ಅಂದರೆ ಸೋಲುಗಳೇ, ಪಟ್ಟಿಯಿಂದ ಹೊರಗುಳಿದವು. ಅನುತ್ತೀರ್ಣರ ಹೆಸರು ಕೈಬಿಟ್ಟು ಶಾಲೆಯ ಫಲಿತಾಂಶ ಪ್ರಕಟಿಸಿದಂತೆ ಇದು.

ಹಾಗೆಂದು ಕ್ಯಾಲಿಬರಿಗೆ ಬೆಲೆಯೇ ಇಲ್ಲವೆನ್ನುವಂತಿಲ್ಲ. ಬಾಸ್ಟನ್ ನಗರದ ಪ್ರಕರಣಗಳನ್ನು ಆಧರಿಸಿ ಆಂಟನಿ ಬ್ರಾಗಾ ಹಾಗೂ ಫಿಲಿಪ್ ಕುಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಕ್ಯಾಲಿಬರು ಹೆಚ್ಚಿದಂತೆ ಗಾಯಾಳು ಸಾಯುವ ಸಂಭವ ಗಣನೀಯವಾಗಿ ಏರುವುದನ್ನು ತೋರಿಸಿತು. ಆದರೆ ಕೊಲ್ಲುವುದು ಬೇರೆ, ತಡೆಯುವುದು ಬೇರೆ. ಆಸ್ಪತ್ರೆಯಲ್ಲಿ ಎರಡು ದಿನಗಳ ಅನಂತರ ಸಾಯುವವನು ಗುಂಡು ತಗಲಿದ ಗಳಿಗೆಯಲ್ಲಿ ಓಡಿಯೂ ಹೋಗಿರಬಹುದು.

ಕರ್ನಾಟಕದ ಓದುಗರಿಗೆ ಇದರ ಮತ್ತೊಂದು ಮುಖ ಚಿರಪರಿಚಿತ. ‘ಆರೋಪಿಯ ಕಾಲಿಗೆ ಗುಂಡು’ ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಎದೆಗೆ ತಗಲಿದರೆ ಸಾವು, ಕಾಲಿಗೆ ತಗಲಿದರೆ ಬರೀ ಗಾಯ ಎಂಬ ಗ್ರಹಿಕೆ ಅದರ ಹಿಂದಿದೆ. ಇದೂ ತಡೆಶಕ್ತಿಯ ಮಿಥ್ಯೆಯ ಬಂಧುವೇ. ತೊಡೆಯಲ್ಲಿ ಹಾದುಹೋಗುವ ಮುಖ್ಯ ಅಪಧಮನಿ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹಾಗಾಗದಿದ್ದಲ್ಲಿ ಕಾಲಿನ ಗಾಯವು ಕೈಯಲ್ಲಿ ಆಯುಧ ಹಿಡಿದವನನ್ನು ತಡೆಯುತ್ತದೆಂಬ ಖಾತರಿಯೂ ಇಲ್ಲ. ಪೊಲೀಸ್ ಎನ್‌ಕೌಂಟರುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರಿನಲ್ಲಿ ನೀಡಿದ ಮಾರ್ಗಸೂಚಿಯು ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸಬೇಕು, ಮ್ಯಾಜಿಸ್ಟ್ರೇಟರು ಇಲ್ಲವೆ ವೈದ್ಯಾಧಿಕಾರಿ ಆತನ ಹೇಳಿಕೆ ದಾಖಲಿಸಿಕೊಳ್ಳಬೇಕು ಎನ್ನುತ್ತದೆ. ಸಾವು ಸಂಭವಿಸಿದಾಗ ಮಾತ್ರವಲ್ಲದೆ, ತೀವ್ರ ಗಾಯಗಳಾದ ಪ್ರಕರಣಗಳಿಗೂ ಈ ಮಾರ್ಗಸೂಚಿಯನ್ನು ಸಾಧ್ಯವಾದಷ್ಟು ಅನ್ವಯಿಸಬೇಕೆಂದು ನ್ಯಾಯಾಲಯ ಹೇಳಿದೆ.